ಸೂತಕವಿಲ್ಲದ ಮನೆ

ಸಾವಿರದ ಒಂಬೈನೂರ ಎಪ್ಪತ್ತೆಂಟನೆಯ ಇಸವಿಯ ಕಾರ್ತಿಕ ಮಾಸದಲ್ಲಿ ಗುಬ್ಬಿ ಪಟ್ಟಣದ ಮುಂದೆ ಬಂದು ನಿಂತ ಅತ್ಯಂತ ಗಹನವಾದ ಪ್ರಶ್ನೆ ಬಟ್ಟೆ ಒಣಹಾಕುವ ಒಂದು ತಂತಿಯದು. ಅದೇ ತಿಂಗಳು ಚಿಕ್ಕಮಗಳೂರಿನಲ್ಲಿ ಉಪಚುನಾವಣೆ ನಡೆದು, ದೇಶದ ಪತ್ರಿಕೆಗಳೆಲ್ಲ ಅಲ್ಲೇ ಬೀಡುಬಿಟ್ಟಿದ್ದವು ಎಂಬುದು ನಿಜ. ಆದರೆ ಸಂತೆ ಮೈದಾನದ ಹಿಂದಿನ ಬೀದಿಯವರಿಗೆ ಚಿಕ್ಕಮಗಳೂರು ದೂರ, ತಂತಿ ಹತ್ತಿರ.

ತಂತಿಯ ಒಂದು ತುದಿಯನ್ನು ಏಕಾಂತಯ್ಯ ಮೇಷ್ಟರ ಹಿತ್ತಲಿನ ನುಗ್ಗೆಮರಕ್ಕೆ ಕಟ್ಟಿತ್ತು, ಇನ್ನೊಂದು ತುದಿಯನ್ನು ಪಕ್ಕದ ಮನೆಯ ರಂಗಲಕ್ಷ್ಮಮ್ಮನ ಕಲ್ಲುಕಂಬಕ್ಕೆ. ನಡುವೆ ಗೋಡೆಯಿರಲಿಲ್ಲ, ಹಿಂದೊಮ್ಮೆ ಬೇಲಿಯಿತ್ತು ಎಂದು ಹೇಳಲು ನಾಲ್ಕು ಕತ್ತಾಳೆ ಉಳಿದಿದ್ದವು. ಎರಡೂ ಮನೆಯ ಸೀರೆ ಪಂಚೆಗಳು ವರ್ಷಗಟ್ಟಲೆ ಆ ತಂತಿಯ ಮೇಲೆ ಅಣ್ಣತಮ್ಮಂದಿರಿಗಿಂತ ಅನ್ಯೋನ್ಯವಾಗಿ ಒಣಗಿದ್ದವು.

ಆ ಬೆಳಿಗ್ಗೆ ರಂಗಲಕ್ಷ್ಮಮ್ಮ ಮನೆದೇವರ ಪೂಜೆಗೆಂದು ಒಗೆದು ಹಾಕಿದ್ದ ಮಡಿಸೀರೆ ಗಾಳಿಗೆ ಸರಿಯಿತು. ಸರಿದು, ಮೇಷ್ಟರ ಕಡೆಯಲ್ಲಿ ಹರವಿದ್ದ ಹಳೇ ಸೀರೆಯ ತುಂಡುಗಳಿಗೆ ತಗುಲಿತು. ಆ ತುಂಡುಗಳಲ್ಲಿ ಎಷ್ಟು ಉಜ್ಜಿದರೂ ಹೋಗದ ಕಲೆಯಿತ್ತು. ಅದೇನೆಂದು ಹೆಂಗಸರಾದವರು ಯಾರನ್ನೂ ಕೇಳಬೇಕಾಗಿರಲಿಲ್ಲ.

“ಬಸ್ಲಿಂಗಕ್ಕಾ! ಏ ಬಸ್ಲಿಂಗಕ್ಕಾ! ಇಲ್ಲಿ ಬಾ, ನೋಡು ಬಾ. ಇದೇನವ್ವ ಇದು? ನಮ್ಮನೇಲಿ ಹೊರಗಾದೋರ ಬಟ್ಟೇನ ನಾಯೀನೂ ನೋಡ್ಬಾರ್ದು ಅಂತ ಮರೇಲಿ ಒಣಗಿಸ್ತೀವಿ. ನೀನು ಬಾವುಟ ಕಟ್ದಂಗೆ ಕಟ್ಟಿದೀಯಲ್ಲ!”

ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಿದ್ದ ಮೇಷ್ಟರ ಹೆಂಡತಿ ಬಸವಲಿಂಗಮ್ಮನಿಗೆ ತುಂಡುಗಳ ನೆನಪು ಆಗ ಬಂತು. ಇಷ್ಟು ದಿನ ಅವಳು ಆ ತುಂಡುಗಳನ್ನು ಬಚ್ಚಲಮನೆಯ ಸೌದೆಯ ಮೇಲೆ ಹರವಿ ಒಣಗಿಸುತ್ತಿದ್ದಳು. ಈಗೀಗ ಒಂದು ಒಣಗುವಷ್ಟರಲ್ಲಿ ಇನ್ನೊಂದು ಬೇಕಾಗುತ್ತಿತ್ತು. ಮೋಡದ ದಿನಗಳು ಬೇರೆ. ನಸುಕಿನಲ್ಲೇ ಹೊರಗೆ ಹಾಕಿ ಬೀದಿ ಏಳುವುದರೊಳಗೆ ತೆಗೆದುಬಿಡಬೇಕು ಎಂದುಕೊಂಡವಳು, ಒಲೆ ಹಚ್ಚುವಾಗ ತಲೆ ಸುತ್ತಿ ಕೂತು ಮರೆತುಬಿಟ್ಟಿದ್ದಳು.

ಅವಳು ಎದ್ದು ಹಿತ್ತಲಿಗೆ ಬರುವ ಮೊದಲೇ ಮೇಷ್ಟರು ಅಲ್ಲಿದ್ದರು. ಕೈಯಲ್ಲಿ ಪತ್ರಿಕೆ, ಹಣೆಯ ಮೇಲೆ ಕನ್ನಡಕ. ಏಕಾಂತಯ್ಯನವರು ಮಿಡ್ಲ್‌ಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದ ಮೇಲೆ ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಉಪನ್ಯಾಸ ಮಾಡುತ್ತಿದ್ದರು. ಸೂತಕ ನಿರಾಕರಣೆ ಅವರ ಮೆಚ್ಚಿನ ವಿಷಯ. ಆ ವಿಷಯವೇ ತಾನಾಗಿ ಹಿತ್ತಲಿಗೆ ನಡೆದು ಬಂದಿರುವಾಗ ಅವರು ಒಳಗೆ ಕೂತಿರುವುದು ಸಾಧ್ಯವಿರಲಿಲ್ಲ.

“ರಂಗಲಕ್ಷ್ಮಮ್ಮಾ, ನಿಮ್ಮ ಸೀರೆಗೆ ಏನೂ ಆಗಿಲ್ಲ. ಸೂತಕ ಅನ್ನೋದು ಬಟ್ಟೇಲಿಲ್ಲ, ಮನಸ್ಸಿನಲ್ಲಿದೆ.”

“ಮನಸ್ಸನ್ನ ನಾನು ತಂತಿ ಮೇಲೆ ಹಾಕಿಲ್ಲ ಮೇಷ್ಟ್ರೇ. ಸೀರೆ ಹಾಕಿದೀನಿ.”

“ಅಂಗದ ಮೇಲೆ ಲಿಂಗ ಇರೋರಿಗೆ ಹುಟ್ಟಿನ ಸೂತಕ ಇಲ್ಲ, ಸಾವಿನ ಸೂತಕ ಇಲ್ಲ, ಮುಟ್ಟಿನ ಸೂತಕ ಇಲ್ಲ. ಎಂಟುನೂರು ವರ್ಷದ ಹಿಂದೆಯೇ ತೀರ್ಮಾನ ಆದ ಕೇಸು ಇದು. ಈಗ ಬಂದು ಅಪೀಲು ಹಾಕಿದ್ರೆ ಹೇಗೆ?”

“ಆಯ್ತು ಬುಡಿ, ನಿಮಗಿಲ್ಲ, ನಮಗದೆ. ನಿಮ್ಮ ಸೊಸೆಗೆ ಒಂದ್ಮಾತು ಹೇಳಿ...” ರಂಗಲಕ್ಷ್ಮಮ್ಮ ಅಲ್ಲಿಗೆ ನಿಲ್ಲಿಸಿದಳು. ಅವಳ ಹುಬ್ಬು ಮೇಲೇರಿತು. “ಅಲ್ಲ, ನಿಮ್ಮ ಸೊಸೆ ಬಾಣಂತನಕ್ಕೆ ತೌರಿಗೋಗಿ ಎಷ್ಟು ದಿನ ಆಯ್ತು! ಹಂಗಾರೆ ಇದು ಯಾರ್ದು?”

ಮೇಷ್ಟರಿಗೆ ಈ ಪ್ರಶ್ನೆ ಸಿದ್ಧಾಂತಕ್ಕೆ ಸಂಬಂಧಪಟ್ಟದ್ದಾಗಿ ಕಾಣಲಿಲ್ಲ. ರಂಗಲಕ್ಷ್ಮಮ್ಮ ಬಸವಲಿಂಗಮ್ಮನನ್ನು ನೆತ್ತಿಯಿಂದ ಪಾದದವರೆಗೆ ನೋಡಿದಳು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು.

“ಅಯ್ಯೋ ನಮ್ಮಕ್ಕಾ! ನಂಗಿಂತ ದೊಡ್ಡೋಳು ನೀನು. ನಂದು ನಿಂತು ಯಾವ ಕಾಲ ಆಯ್ತು. ನಿಂಗೆ ಮತ್ತೆ ಪ್ರಾಯ ಬಂತೇನೇ?”

ಬಸವಲಿಂಗಮ್ಮನೂ ನಕ್ಕಳು. ನಗದೆ ಇನ್ನೇನು ಮಾಡುವುದು? ನಗುತ್ತಲೇ ತುಂಡುಗಳನ್ನು ತಂತಿಯಿಂದ ಎಳೆದುಕೊಂಡು ಒಳಗೆ ಹೋದಳು.

ಅದು ಪ್ರಾಯವಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿತ್ತು ಅನ್ನುವುದಕ್ಕಿಂತ, ಗೊತ್ತುಮಾಡಿಕೊಳ್ಳದಂತೆ ಅವಳು ಕಾಯ್ದುಕೊಂಡಿದ್ದಳು. ಕಡಬದ ಅವಳ ಚಿಕ್ಕಮ್ಮ, ತಾಯಿಯ ತಂಗಿ, ಇದೇ ವಯಸ್ಸಿನಲ್ಲಿ ಹೀಗೇ ಶುರುವಾಗಿ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಕೊನೆಗೊನೆಗೆ ಆ ಕೋಣೆಯೊಳಕ್ಕೆ ಊದುಬತ್ತಿಯಿಲ್ಲದೆ ಯಾರೂ ಹೋಗುತ್ತಿರಲಿಲ್ಲ. ಊರವರು ಉಷ್ಣವೆಂದರು, ಯಾರದೋ ಕಣ್ಣೆಂದರು. ಹೆಣವೆತ್ತಿದ ದಿನ ಕೋಣೆಗೆ ಸುಣ್ಣ ಬಳಿಸಿದರು. ಬಸವಲಿಂಗಮ್ಮ ತನ್ನ ಬಟ್ಟೆಯ ಮೇಲೆ ಮೊದಲ ಸಣ್ಣ ಕಲೆ ಕಂಡ ದಿನ ಅವಳ ಮೂಗಿಗೆ ಬಂದದ್ದು ಆ ಸುಣ್ಣದ ವಾಸನೆ.

ಅದು ಶ್ರಾವಣದಲ್ಲಿ. ಅಂದು ಅವಳು ಧೈರ್ಯ ಮಾಡಿ ಗಂಡನಿಗೆ ಹೇಳಿದ್ದಳು. ಮೇಷ್ಟರು ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿ, ಬಹಳ ಸೌಮ್ಯವಾಗಿ, “ಅದಕ್ಕೇನಂತೆ? ನಮ್ಮಲ್ಲಿ ಅದಕ್ಕೆ ಸೂತಕ ಇಲ್ಲ. ನೀನು ನಿರಾತಂಕವಾಗಿ ಪೂಜೆ ಮಾಡ್ಕೊ” ಅಂದಿದ್ದರು. ಅವಳು ಕೇಳದ ಪ್ರಶ್ನೆಗೆ ಅವರು ಸರಿಯಾದ ಉತ್ತರ ಕೊಟ್ಟಿದ್ದರು. ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಓರಗೆಯ ಹೆಣ್ಣುಗಳೆಲ್ಲ ಮೂರು ದಿನ ಚಾಪೆ ಚೊಂಬು ಹಿಡಿದು ಹೊರಗೆ ಕೂರುವಾಗ, ಆ ಮಾತಿನ ಬಲದಿಂದ ಅವಳು ಒಳಗೆ ಓಡಾಡಿದ್ದಳು. ಅದಕ್ಕಾಗಿ ಹೆಮ್ಮೆಯೂ ಪಟ್ಟಿದ್ದಳು. ಈಗ ಅದೇ ಮಾತು ಬಾಗಿಲು ಹಾಕಿದಂತಾಗಿತ್ತು. ರಂಗಲಕ್ಷ್ಮಮ್ಮನ ಮನೆಯಲ್ಲಿ ಹೊರಗಾದ ಹೆಂಗಸು ನಾಲ್ಕನೆಯ ದಿನ ಒಳಗೆ ಬರದಿದ್ದರೆ ಅತ್ತೆ ಕೇಳುತ್ತಾಳೆ, ಅತ್ತಿಗೆ ಕೇಳುತ್ತಾಳೆ, ಹಾಲು ಹಾಕುವವಳೂ ಕೇಳುತ್ತಾಳೆ. ಮೇಷ್ಟರ ಮನೆಯಲ್ಲಿ ಯಾರೂ ಕೂರುವಂತಿಲ್ಲವಾದ್ದರಿಂದ ಯಾಕೆ ಏಳಲಿಲ್ಲವೆಂದು ಕೇಳುವವರೂ ಇರಲಿಲ್ಲ.

ಅದು ನಿಂತಿತು. ದಸರಾಕ್ಕೆ ಮತ್ತೆ ಬಂತು. ಅವಳು ಜೀರಿಗೆ ನೆನೆಸಿ ಕುಡಿದಳು, ಎಳನೀರು ಕುಡಿದಳು, ಖಾರ ಬಿಟ್ಟಳು. ಸೊಸೆಯ ಹೆರಿಗೆಯೊಂದು ಆಗಿಬಿಡಲಿ, ಆಮೇಲೆ ನೋಡೋಣ ಅಂದುಕೊಂಡಳು. ನೋವಂತೂ ಇರಲಿಲ್ಲ. ನೋವಿಲ್ಲದ್ದು ರೋಗ ಹೇಗಾದೀತು?

ಇತ್ತ ಮೇಷ್ಟರು ಹಿತ್ತಲ ವಾದದಲ್ಲಿ ಗೆದ್ದಿದ್ದರು. ರಂಗಲಕ್ಷ್ಮಮ್ಮ ತನ್ನ ಪಾಲಿನ ತಂತಿಯನ್ನು ಬಿಚ್ಚಿ ಬೇರೆ ಕಡೆ ಕಟ್ಟಿಕೊಂಡದ್ದೇ ಅದಕ್ಕೆ ಸಾಕ್ಷಿ ಎಂದು ಅವರು ತಿಳಿದರು. ಗೆದ್ದ ವಾದವನ್ನು ಹಿತ್ತಲಲ್ಲೇ ಬಿಟ್ಟುಬರುವ ಸ್ವಭಾವ ಅವರದಲ್ಲ.

ಕಾರ್ತಿಕದ ಕಡೆಯ ಸೋಮವಾರ ಕುಣಿಗಲ್ಲಿನಲ್ಲಿ ಅಕ್ಕಿ ಗಿರಣಿಯ ಸದಾಶಿವಯ್ಯನವರ ಮನೆಯಲ್ಲಿ ಪೂಜೆ, ದಾಸೋಹ, ಮೇಷ್ಟರ ಉಪನ್ಯಾಸ. ದಂಪತಿಗಳು ಬರಬೇಕೆಂದು ಹೇಳಿಕಳಿಸಿದ್ದರು. ಗುಬ್ಬಿಯಿಂದ ತುಮಕೂರು, ಅಲ್ಲಿಂದ ಬಸ್ಸು ಬದಲಾಯಿಸಿ ಕುಣಿಗಲ್ಲು. ಆ ದಾರಿಯುದ್ದಕ್ಕೂ ಬಸವಲಿಂಗಮ್ಮ ಸೀಟಿನ ತುದಿಯಲ್ಲಿ, ಹಿಂದಿನ ಸೆರಗನ್ನು ಮಡಿಸಿ ಕೆಳಗೆ ಹಾಕಿಕೊಂಡು, ಎದುರಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬಸ್ಸು ಕುಕ್ಕಿದಾಗಲೆಲ್ಲ ಅವಳ ಯೋಚನೆ ಒಂದೇ: ಇಳಿಯುವಾಗ ಸೀಟಿನ ಮೇಲೆ ಏನೂ ಕಾಣದಿರಲಪ್ಪ.

ಗಿರಣಿಯ ಭತ್ತ ಒಣಗಿಸುವ ಕಣದಲ್ಲಿ ಶಾಮಿಯಾನ ಹಾಕಿದ್ದರು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಮೇಷ್ಟರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಶಾಸ್ತ್ರವಾಯಿತು, ಇತಿಹಾಸವಾಯಿತು. ಗಂಡಸರ ಕಡೆ ಇಬ್ಬರು ತೂಕಡಿಸತೊಡಗಿದ್ದನ್ನು ಕಂಡು ಮೇಷ್ಟರ ದನಿ ಬದಲಾಯಿತು. ನಲವತ್ತು ವರ್ಷ ಜೊತೆಗೆ ಬಾಳಿದ ಬಸವಲಿಂಗಮ್ಮನಿಗೆ ಆ ದನಿ ಗೊತ್ತು. ಈಗ ದೃಷ್ಟಾಂತ ಬರುತ್ತದೆ.

“ದೂರ ಯಾಕೆ ಹೋಗೋಣ? ಮೊನ್ನೆ ನಮ್ಮ ಮನೆಯ ಹಿತ್ತಲಲ್ಲೇ ನಡೀತು.”

ಬಸವಲಿಂಗಮ್ಮ ಬೇಡ ಅನ್ನುವಂತೆ ತಲೆಯಾಡಿಸಿದಳು. ಮೇಷ್ಟರು ಹೆಂಗಸರ ಕಡೆ ನೋಡುತ್ತಿರಲಿಲ್ಲ. ತಂತಿ ಬಂತು, ಮಡಿಸೀರೆ ಬಂತು, ಅಪೀಲಿನ ಮಾತು ಬಂತು, ಸಭೆ ಗೊಳ್ಳೆಂದಿತು. ತೂಕಡಿಸುತ್ತಿದ್ದವರು ಎದ್ದು ಕೂತರು.

“ಆ ಬಟ್ಟೆ ಯಾರದು? ಸಂಕೋಚ ಯಾಕೆ, ಹೇಳಿಬಿಡ್ತೀನಿ. ನನ್ನ ಶ್ರೀಮತಿಯವರದು. ಇಲ್ಲೇ ಕೂತಿದ್ದಾರೆ. ಅವತ್ತು ಅದೇ ಕೈಯಲ್ಲಿ ಇಷ್ಟಲಿಂಗ ಪೂಜೆ ಮಾಡಿದರು, ಅದೇ ಕೈಯಲ್ಲಿ ನನಗೆ ಪ್ರಸಾದ ಬಡಿಸಿದರು. ನನಗೇನಾಯ್ತು? ನೋಡಿ, ಮೈಕಿನ ಮುಂದೆ ಕಲ್ಲುಗುಂಡಿನ ಹಾಗೆ ನಿಂತಿದ್ದೀನಿ!”

ಚಪ್ಪಾಳೆ. ಬಸವಲಿಂಗಮ್ಮ ನೆಲದ ಜಮಖಾನದ ಒಂದು ಎಳೆಯನ್ನು ಹಿಡಿದು ಕೀಳುತ್ತಿದ್ದಳು. ಭೂಮಿ ಬಿರಿಯಬೇಕಾದಾಗ ಬಿರಿಯುವುದಿಲ್ಲ. ಚಪ್ಪಾಳೆ ನಿಲ್ಲುತ್ತಿದ್ದಂತೆ ಹೆಂಗಸರ ಕಡೆಯಿಂದ ದಪ್ಪ ದನಿಯೊಂದು ಎದ್ದಿತು. ಗಿರಣಿಯ ಕೂಲಿಯವರನ್ನು ಆ ತುದಿಯಿಂದ ಈ ತುದಿಗೆ ಕರೆದು ರೂಢಿಯಾದ ದನಿ.

“ಮೇಷ್ಟ್ರೇ, ಒಂದ್ಮಾತು. ನಿಮ್ಮ ಮನೆಯವ್ರಿಗೆ ಎಷ್ಟು ವಯಸ್ಸು?”

ಕೇಳಿದವಳು ಮನೆಯೊಡತಿ, ಸದಾಶಿವಯ್ಯನವರ ಹೆಂಡತಿ ಸಿದ್ದಗಂಗಮ್ಮ. ಮೇಷ್ಟರಿಗೆ ಇದು ಭಕ್ತೆಯೊಬ್ಬಳ ಸಂದೇಹವಾಗಿ ಕೇಳಿಸಿತು. ಸಂದೇಹ ಕೇಳುವವರನ್ನು ಕಂಡರೆ ಅವರಿಗೆ ಪ್ರೀತಿ.

“ಐವತ್ತೇಳು ತಾಯಿ. ಸಾಧನೆಗೆ ವಯಸ್ಸಿಲ್ಲ!”

ಗಂಡಸರು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಹೆಂಗಸರಲ್ಲಿ ಒಬ್ಬರೂ ತಟ್ಟಲಿಲ್ಲ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಅಷ್ಟು ಕಣ್ಣುಗಳು ತನ್ನ ಮೇಲೆ ನಿಂತಾಗ ಬಸವಲಿಂಗಮ್ಮನಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಭಯ. ಅವರು ಯಾರೂ ನಗುತ್ತಿರಲಿಲ್ಲ.

ಪ್ರಸಾದಕ್ಕೆ ಎಲೆ ಹಾಕುವ ಗಲಾಟೆಯಲ್ಲಿ ಸಿದ್ದಗಂಗಮ್ಮ ಅವಳ ಮೊಣಕೈ ಹಿಡಿದು ಉಗ್ರಾಣಕ್ಕೆ ಕರೆದುಕೊಂಡು ಹೋದಳು. ಹೋದವಳೇ ಬಾಗಿಲು ಮುಂದೆ ಮಾಡಿ, ಬೆಲ್ಲದ ಮೂಟೆಯ ಮೇಲೆ ಅವಳನ್ನು ಕೂರಿಸಿ, ತಾನು ಎದುರಿಗೆ ನಿಂತಳು. ದೊಡ್ಡ ಮೈಯ ಹೆಂಗಸು. ಮೂಗಿನ ವಜ್ರದ ಬೇಸರಿ ಅವಳಿಗಿಂತ ಮೊದಲು ಮಾತಾಡುವಂತೆ ಹೊಳೆಯುತ್ತಿತ್ತು.

“ಹೇಳಿ ಅಕ್ಕ, ಮುಚ್ಚಿಡ್ಬೇಡಿ. ನಿಮ್ದು ನಿಂತು ಎಷ್ಟು ವರ್ಷ ಆಗಿತ್ತು?”

“ಆರು.”

“ಮತ್ತೆ ಯಾವಾಗ ಕಾಣಿಸ್ಕೊಂತು?”

“ಶ್ರಾವಣದಲ್ಲಿ ಚೂರೇ ಚೂರು. ಬಟ್ಟೆ ಮೇಲೆ ಕುಂಕುಮ ಬಿದ್ದಂಗೆ. ಅದು ನಿಂತೋಯ್ತು. ದಸರಾದಲ್ಲಿ ಮತ್ತೆ. ಈಗ ನಿಲ್ತಾನೇ ಇಲ್ಲ.”

“ನೋವು?”

“ನೋವೇನಿಲ್ಲ. ಅದಕ್ಕೇ ಸುಮ್ನಿದ್ದೆ.”

“ನಂಗೂ ನೋವಿರ್ಲಿಲ್ಲ. ಅದಕ್ಕೇ ನಾನೂ ಸುಮ್ನಿದ್ದೆ” ಅಂದಳು ಸಿದ್ದಗಂಗಮ್ಮ. “ಹೋದ ವರ್ಷ. ನಮ್ಮತ್ತೆ ಉಷ್ಣ ಅಂದ್ರು, ಮೆಂತ್ಯ ನುಂಗ್ಸಿದ್ರು. ಕೊನೆಗೆ ತುಮಕೂರಿನ ಡಾಕ್ಟ್ರಮ್ಮ ನೋಡಿ ಹೆಂಗೆ ಬೈದ್ರು ಗೊತ್ತಾ? ನಿಂತು ಒಂದು ವರ್ಷ ಆದ್ಮೇಲೆ ಬಂದ್ರೆ ಅದು ಮುಟ್ಟಲ್ಲ ಕಣಮ್ಮ, ಒಂದು ಹನಿ ಕಂಡ್ರೂ ಬಂದ್ಬಿಡ್ಬೇಕು ಅಂದ್ರು. ಹನಿ ಅಂದ್ರು ಅಕ್ಕ, ಕೊಡ ಅನ್ಲಿಲ್ಲ.”

“ನಿಮಗೆ... ಏನಿತ್ತು?”

“ಒಳಗೆ ದುರ್ಮಾಂಸ ಬೆಳೆದಿತ್ತು, ಕಡ್ಲೆಕಾಳಷ್ಟು. ತೆಗೆದು ಮನೆಗೆ ಕಳಿಸಿದ್ರು. ನಿಮ್ದೂ ಅದೇ ಇರ್ಬೋದು.”

“ಇಲ್ದಿದ್ರೆ?”

ಸಿದ್ದಗಂಗಮ್ಮ ಮೊದಲ ಸಲ ತಡವರಿಸಿದಳು. ಆಮೇಲೆ, “ಇಲ್ದಿದ್ರೆ ಇನ್ನೂ ಬೇಗ ಹೋಗ್ಬೇಕು. ನಾಳೆ ಬೆಳಿಗ್ಗೆ ನಮ್ಮ ಕಾರು ತುಮಕೂರಿಗೆ ಹೋಗ್ತದೆ. ನೀವು ನನ್ನ ಪಕ್ಕ ಕೂತ್ಕತೀರಿ” ಅಂದಳು. ಕೇಳಿದಂತಿರಲಿಲ್ಲ ಅದು.

ಬೆಳಿಗ್ಗೆ ಕಾಫಿಯಾದ ಮೇಲೆ ಬಸವಲಿಂಗಮ್ಮ ಗಂಡನಿಗೆ ಆಸ್ಪತ್ರೆಯ ಮಾತು ಹೇಳಿದಳು. ಮೇಷ್ಟರು ಜಗಲಿಯ ಮೇಲೆ ಕೂತು ಪಂಚೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು. ಅವರ ಮುಖ ಚಿಕ್ಕದಾಯಿತು. ಸಿದ್ದಗಂಗಮ್ಮ ಸಭೆಯ ನಡುವೆ ಬಾಯಿ ಹಾಕಿದ್ದು ಯಾಕೆಂದು ಅವರಿಗೆ ಈಗ ಅರ್ಥವಾಗಿತ್ತು. ಅದು ಸಂದೇಹವಾಗಿರಲಿಲ್ಲ ಅನ್ನುವುದೇ ಅವರನ್ನು ಚುಚ್ಚಿತ್ತು.

“ಏನು ಯೋಚನೆ ಮಾಡಿ ಮಾತಾಡ್ತಿದ್ದೀಯ ನೀನು? ರಾತ್ರಿ ಇಷ್ಟು ಜನದ ಮುಂದೆ ಅದರಲ್ಲಿ ದೋಷ ಇಲ್ಲ ಅಂತ ಹೇಳಿದ್ದೀನಿ. ಬೆಳಿಗ್ಗೆ ಎದ್ದು ನಾವೇ ಆಸ್ಪತ್ರೆಗೆ ಓಡಿದ್ರೆ ಜನ ಏನಂತಾರೆ? ಮೇಷ್ಟ್ರೇ ದೋಷ ಅಂತ ಒಪ್ಪಿಕೊಂಡ್ರು ಅಂತಾರೆ. ಆ ರಂಗಲಕ್ಷ್ಮಮ್ಮನಿಗೆ ಗೊತ್ತಾದ್ರಂತೂ ಮುಗೀತು.”

“ರೀ...”

“ಗುಬ್ಬಿಗೆ ಹೋಗೋಣ ಮೊದಲು. ಪಂಡಿತರ ಹತ್ರ ಏನಾದ್ರೂ ಲೇಹ್ಯ ತಂದ್ಕೊಡ್ತೀನಿ. ಗುರುವಾರ ಕಡಬದಲ್ಲಿ ಉಪನ್ಯಾಸ ಬೇರೆ ಇದೆ. ಅಲ್ಲೂ ಈ ದೃಷ್ಟಾಂತ ಹೇಳಿ ಅಂತ ನಿನ್ನೆಯೇ ಹೇಳಿದ್ರು.”

ಕಡಬ ಅನ್ನುವ ಹೆಸರು ಕಿವಿಗೆ ಬಿದ್ದಾಗ ಬಸವಲಿಂಗಮ್ಮನಿಗೆ ಸುಣ್ಣದ ವಾಸನೆ ಬಂತು. ಇವರು ಆ ಊರಿನಲ್ಲಿ ನಿಂತು, ಚಿಕ್ಕಮ್ಮ ಸತ್ತ ಮನೆಯ ನಾಲ್ಕು ಮನೆಯಾಚೆ, ನನ್ನ ಬಟ್ಟೆಯ ಕಥೆ ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಾರೆ. ನಾನು ಲೇಹ್ಯ ನೆಕ್ಕುತ್ತಿರುತ್ತೇನೆ.

“ಶ್ರಾವಣದಲ್ಲೂ ನಾನು ಸೂತಕ ಇದೆಯಾ ಅಂತ ಕೇಳ್ಲಿಲ್ಲ ರೀ” ಅಂದಳು. ದನಿಯೇನೂ ಏರಿರಲಿಲ್ಲ. “ರಕ್ತ ಹೋಗ್ತಾ ಇದೆ ಅಂದೆ.”

ಮೇಷ್ಟರು ಕೈಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಹಾಕಿ, ಹಿಂದೆ ಹೆಂಡತಿ ಬರುತ್ತಿದ್ದಾಳೆಂಬ ಖಾತರಿಯಿಂದ ತಿರುಗಿ ನೋಡಿದರು. ತಾನು ಕರೆದಾಗ ಅವಳು ಬಾರದಿದ್ದದ್ದು ಅವರ ಅನುಭವದಲ್ಲೇ ಇರಲಿಲ್ಲ.

ಬಸವಲಿಂಗಮ್ಮ ಗೇಟಿನ ಹತ್ತಿರ ನಿಂತಿದ್ದಳು. ಒಂದು ಕಡೆ ಗಂಡನ ಬೆನ್ನು, ಒಂದು ಕಡೆ ಕಪ್ಪು ಅಂಬಾಸಿಡರ್ ಕಾರು. ಕಾರಿನೊಳಗೆ ಸಿದ್ದಗಂಗಮ್ಮ ಆಗಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಕರೆಯಲೂ ಇಲ್ಲ, ಅವಸರಿಸಲೂ ಇಲ್ಲ. ಕೆಳಗೆ ಬೆಚ್ಚಗೆ ಮತ್ತೆ ಇಳಿದದ್ದು ಅವಳಿಗೆ ಗೊತ್ತಾಯಿತು. ಅವಳು ಸೆರಗು ಬಿಗಿದುಕೊಂಡು ಕಾರಿನ ಬಾಗಿಲು ತೆಗೆದು ಹತ್ತಿದಳು.

ಡ್ರೈವರು ಗೇರು ಹಾಕುವಷ್ಟರಲ್ಲಿ ಮುಂದಿನ ಬಾಗಿಲು ತೆರೆಯಿತು. ಮೇಷ್ಟರು ಏದುಸಿರು ಬಿಡುತ್ತ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಯಾರ ಮುಖವನ್ನೂ ನೋಡಲಿಲ್ಲ.

“ಬಾಗ್ಲು ಗಟ್ಟಿಯಾಗಿ ಎಳ್ಕಳಿ ಮೇಷ್ಟ್ರೇ” ಅಂದಳು ಸಿದ್ದಗಂಗಮ್ಮ. “ಅದು ಒಂದು ಸಲಕ್ಕೆ ಹಾಕ್ಕಳಲ್ಲ.”

ಹೆಬ್ಬೂರು ದಾಟಿ ಕಾರು ತುಮಕೂರು ಮುಟ್ಟಿತು.

ತುಮಕೂರಿನ ಲೇಡಿ ಡಾಕ್ಟರ ನರ್ಸಿಂಗ್ ಹೋಮಿನ ಬೆಂಚುಗಳ ಮೇಲೆ ತುಂಬಿದ ಬಸುರಿಯರು ಕೂತಿದ್ದರು. ಬಸವಲಿಂಗಮ್ಮನನ್ನು ಕಂಡು ಒಬ್ಬಳು ಸರಿದು ಜಾಗ ಕೊಟ್ಟು, “ಸೊಸೆ ಒಳಗೆ ಹೋದ್ಲಾ ಅಜ್ಜಿ?” ಅಂದಳು. ಬಸವಲಿಂಗಮ್ಮ ಹೂಂ ಅಂದಳು. ಸ್ವಲ್ಪ ಹೊತ್ತಿಗೆ ನರ್ಸು ಅವಳ ಹೆಸರನ್ನೇ ಕೂಗಿದಾಗ ಬೆಂಚಿನವರೆಲ್ಲ ಅವಳತ್ತ ತಿರುಗಿದರು.

ಡಾಕ್ಟರು ಗಿಡ್ಡನೆಯ, ನರೆತ ಕೂದಲಿನ, ಒಂದು ಮಾತಿಗೆ ಎರಡು ಖರ್ಚು ಮಾಡದ ಹೆಂಗಸು. ಪರೀಕ್ಷೆ ಮುಗಿಸಿ ಕೈ ತೊಳೆದುಕೊಂಡು ಮೇಷ್ಟರನ್ನು ಒಳಗೆ ಕರೆಸಿದರು.

“ಎಷ್ಟು ದಿನದಿಂದ ಹೋಗ್ತಿದೆ?”

ಸೂತಕವನ್ನು ಯಾವ ಶತಮಾನದಲ್ಲಿ ಕೈಬಿಟ್ಟರೆಂದು ಮೇಷ್ಟರಿಗೆ ಗೊತ್ತಿತ್ತು. ಹೆಂಡತಿಗೆ ಯಾವಾಗಿನಿಂದ ರಕ್ತ ಹೋಗುತ್ತಿದೆಯೆಂದು ಗೊತ್ತಿರಲಿಲ್ಲ. ಅವರು ಅವಳ ಕಡೆ ನೋಡಿದರು.

“ಶ್ರಾವಣದಿಂದ” ಅಂದಳು ಬಸವಲಿಂಗಮ್ಮ.

ಡಾಕ್ಟರು ಬೈಯಲಿಲ್ಲ. ಸಿದ್ದಗಂಗಮ್ಮನಿಗೆ ಬೈದಿದ್ದ ಡಾಕ್ಟರು ತನಗೆ ಬೈಯದೆ ಸುಮ್ಮನೆ ಬರೆದುಕೊಂಡದ್ದು ನೋಡಿ ಬಸವಲಿಂಗಮ್ಮನಿಗೆ ಒಳ್ಳೆಯದಾಗಿ ಕಾಣಲಿಲ್ಲ.

“ಇದು ಮುಟ್ಟಲ್ಲ. ಈ ವಯಸ್ಸಿನಲ್ಲಿ ಹೀಗೆ ಆಗಿ ನನ್ನ ಹತ್ರ ಹತ್ತು ಜನ ಬಂದ್ರೆ, ಸುಮಾರು ಒಂಬತ್ತು ಜನಕ್ಕೆ ಸಣ್ಣ ಕಾರಣ ಇರುತ್ತೆ. ಒಳಗಿನ ಪದರ ತೆಳ್ಳಗಾಗಿರುತ್ತೆ, ಇಲ್ಲ ದುರ್ಮಾಂಸ ಬೆಳೆದಿರುತ್ತೆ. ಒಬ್ಬರಿಗೆ ಕ್ಯಾನ್ಸರ್ ಇರುತ್ತೆ. ಹೊರಗಿನಿಂದ ನೋಡಿದ್ರೆ ಹತ್ತೂ ಜನ ಒಂದೇ ಥರ. ಆದ್ದರಿಂದ ಹತ್ತೂ ಜನರನ್ನ ಪರೀಕ್ಷೆ ಮಾಡ್ಲೇಬೇಕು. ಪ್ರಜ್ಞೆ ತಪ್ಪಿಸಿ ಒಳಪದರ ಸ್ವಲ್ಪ ಕೆರೆದು ತೆಗೆದು ಬೆಂಗಳೂರಿಗೆ ಕಳಿಸ್ತೀನಿ.”

“ನಾವು ಊರಿಗೆ ಹೋಗಿ ಸ್ವಲ್ಪ ಯೋಚನೆ ಮಾಡಿ...” ಅಂದರು ಮೇಷ್ಟರು.

“ಯೋಚನೆ ಶ್ರಾವಣದಲ್ಲಿ ಮಾಡ್ಬೇಕಿತ್ತು.”

ಮಾರನೆಯ ಬೆಳಿಗ್ಗೆಯೇ ಅದು ಆಯಿತು. ಒಂದು ದಿನ ಅಲ್ಲೇ ಮಲಗಿದ್ದು ಗುಬ್ಬಿಗೆ ಬಂದರು. ಬೆಂಗಳೂರಿನ ವರದಿಗೆ ಎರಡು ವಾರ ಕಾಯಬೇಕಿತ್ತು.

ಆ ಎರಡು ವಾರ ಮನೆಯ ಗಡಿಯಾರಕ್ಕೆ ಯಾರೋ ಎಣ್ಣೆ ಬಿಡುವುದನ್ನು ಮರೆತಂತಿತ್ತು. ಕಡಬದ ಉಪನ್ಯಾಸಕ್ಕೆ ಮೇಷ್ಟರು ಹೋಗಲಿಲ್ಲ. ಯಾಕೆಂದು ಯಾರಿಗೂ ಹೇಳಲೂ ಇಲ್ಲ. ದಿನಾ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ನಿಂತು, “ಇವತ್ತು?” ಅನ್ನುತ್ತಿದ್ದರು.

“ಇದೆ” ಅನ್ನುತ್ತಿದ್ದಳು. ಅಥವಾ, “ಕಮ್ಮಿ.”

ಅಷ್ಟೇ ಮಾತು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಉತ್ತರ ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅದೊಂದೇ ಎಂದು ಬಸವಲಿಂಗಮ್ಮನಿಗೆ ಅನ್ನಿಸಿತು. ಒಂದು ಬೆಳಿಗ್ಗೆ ಅವರು ಕೇಳಿ ಹೋಗದೆ ಅಲ್ಲೇ ನಿಂತರು.

“ಶ್ರಾವಣದಲ್ಲೇ ಹೋಗಿದ್ರೆ...”

“ಅದನ್ನ ಡಾಕ್ಟ್ರಮ್ಮನ್ನೇ ಕೇಳಿ.”

“ಕೇಳ್ದೆ. ವರದಿ ಬರ್ಲಿ ಅಂದ್ರು.”

ಅವಳು ಒಲೆಯ ಕಡೆ ತಿರುಗಿಕೊಂಡಳು. ಅವರಿಗೆ ಸಮಾಧಾನ ಹೇಳುವ ಕೆಲಸವೂ ತನ್ನದೇ ಆಗಬೇಕೆ ಅನ್ನಿಸಿ ಸಿಟ್ಟು ಬಂತು. ಆಮೇಲೆ ಕಾಫಿ ಸೋಸಿ ಕೊಟ್ಟಳು.

ರಂಗಲಕ್ಷ್ಮಮ್ಮನಿಗೆ ಸುದ್ದಿ ಹೇಗೋ ಮುಟ್ಟಿತ್ತು. ಕತ್ತಾಳೆ ದಾಟಿಕೊಂಡು ಬಿಸಿ ಸಾರಿನ ತಪ್ಪಲೆ ತಂದು ಕಟ್ಟೆಯ ಮೇಲಿಟ್ಟಳು.

“ಪ್ರಾಯ ಅಂತ ಆಡ್ಕಂಡು ನಕ್ಕೆನಲ್ಲಕ್ಕ ನಾನು. ನನ್ನ ನಾಲಗೆಗೆ ಬರೆ ಹಾಕ.”

“ನೀನು ಕೂಗ್ದೆ ಇದ್ದಿದ್ರೆ ಬಚ್ಚಲಲ್ಲೇ ಒಣಗಿಸ್ಕೊಂಡು ಇರ್ತಿದ್ದೆ” ಅಂದಳು ಬಸವಲಿಂಗಮ್ಮ.

“ಹಂಗಾರೆ ಇನ್ನೊಂದ್ಸಲ ಕೂಗ್ಲಾ?” ಅಂದವಳು ನಗಲು ಹೋಗಿ ಮೂಗು ಒರೆಸಿಕೊಂಡಳು.

ಅದೇ ವಾರ ಸೊಸೆಯ ತೌರಿನಿಂದ ತಂತಿವಾರ್ತೆ ಬಂತು: ಹೆಣ್ಣುಮಗು, ಇಬ್ಬರೂ ಕ್ಷೇಮ. ಬಸವಲಿಂಗಮ್ಮ ಅದನ್ನು ಓದಿಸಿ ಕೇಳಿಸಿಕೊಂಡಳು. ಸೊಸೆ ಮಗುವನ್ನು ಎತ್ತಿಕೊಂಡು ಬರುವುದು ಐದನೆಯ ತಿಂಗಳಿಗೆ. ಅಷ್ಟರಲ್ಲಿ ತಾನು ಯಾವ ಕೋಣೆಯಲ್ಲಿರುತ್ತೇನೋ, ಬಾಗಿಲಲ್ಲಿ ಊದುಬತ್ತಿ ಇರುತ್ತದೋ ಏನೋ. ಯೋಚನೆ ಅಲ್ಲಿಗೆ ಬಂದರೆ ಅವಳು ಎದ್ದು ಹೋಗಿ ಏನಾದರೂ ಒಂದು ಪಾತ್ರೆ ತೊಳೆಯುತ್ತಿದ್ದಳು. ಆ ವಾರ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ವರದಿಯ ದಿನ ಮೇಷ್ಟರು ಹೊರಗೆ ಕೂರಲಿಲ್ಲ. ಕರೆಯುವ ಮೊದಲೇ ಅವಳ ಹಿಂದೆ ಒಳಗೆ ಬಂದು ನಿಂತರು. ಡಾಕ್ಟರು ಕಾಗದವನ್ನು ಒಮ್ಮೆ ಓದಿ ಮಡಿಸಿದರು. ಮಾತಾಡಿದ್ದು ಬಸವಲಿಂಗಮ್ಮನ ಜೊತೆಗೆ.

“ಕ್ಯಾನ್ಸರ್ ಇದೆಯಮ್ಮ. ಗರ್ಭಕೋಶದ ಒಳಪದರದಲ್ಲಿ. ಗರ್ಭಕೋಶ ತೆಗೀಬೇಕು. ತಡ ಮಾಡೋ ಹಾಗಿಲ್ಲ.”

ಮೇಷ್ಟರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಬಸವಲಿಂಗಮ್ಮನಿಗೆ ಆಶ್ಚರ್ಯವಾಗಲಿಲ್ಲ. ಶ್ರಾವಣದಿಂದ ಬಾಗಿಲು ಬಡಿಯುತ್ತಿದ್ದವನ ಹೆಸರು ಈಗ ಗೊತ್ತಾಗಿತ್ತು, ಅಷ್ಟೇ.

“ಹರಡಿದೆಯಾ?” ಅವಳೇ ಕೇಳಿದಳು.

“ತೆಗೆದು ನೋಡಿದ ಮೇಲೇ ಹೇಳೋಕಾಗೋದು. ಹರಡಿದ್ರೆ ಕಷ್ಟ. ಹರಡದೆ ಇದ್ರೆ ನೀವು ನನಗಿಂತ ಹೆಚ್ಚು ಕಾಲ ಬದುಕ್ತೀರಿ.”

ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಆಪರೇಷನ್ ಕೋಣೆಯ ಬಾಗಿಲಲ್ಲಿ ತಳ್ಳುಗಾಡಿ ನಿಂತಾಗ ಮೇಷ್ಟರು ಬಗ್ಗಿ ಅವಳ ಹೊದಿಕೆ ಸರಿಮಾಡಿದರು.

“ಹೊರಗೆ ಕೂತಿರಿ” ಅಂದಳು ಬಸವಲಿಂಗಮ್ಮ. “ಎಲ್ಲೂ ಎದ್ದು ಹೋಗ್ಬೇಡಿ.”

ಬಾಗಿಲು ಮುಚ್ಚಿತು. ಮುಖದ ಮೇಲೆ ಇಳಿದ ರಬ್ಬರಿನ ವಾಸನೆಯೇ ಅವಳಿಗೆ ನೆನಪಿನಲ್ಲಿ ಉಳಿದ ಕೊನೆಯದು.

ಅವಳ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. ರೋಗ ಗರ್ಭಕೋಶದ ಗೋಡೆಯನ್ನು ದಾಟಿರಲಿಲ್ಲ. ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ಸಂಕ್ರಾಂತಿಗೆ ಮೊದಲು ಬಸವಲಿಂಗಮ್ಮ ಗುಬ್ಬಿಗೆ ವಾಪಸು ಬಂದಳು.